ತಿರುವೈಯಾರಿನಲ್ಲಿ ನೆಲೆಸಿದ ನಾಗರತ್ನಮ್ಮನವರು

ಪ್ರತಿವರ್ಷ ಪುಷ್ಯ ಬಹುಳ ಪಂಚಮಿಯಂದು ಕಾವೇರೀತೀರದ ತಿರುವೈಯಾರಿನಲ್ಲಿ ಶ್ರೀ ತ್ಯಾಗರಾಜರ ಆರಾಧನೆ ಜರುಗುವುದು ಸಂಗೀತಾಭಿಮಾನಿಗಳಿಗೆಲ್ಲ ವಿದಿತವೇ ಆಗಿದೆ. ಅಲ್ಲಿಯ ಗುಡಿಯನ್ನು ಕಟ್ಟಿಸಿದವರು ಕನ್ನಡನಾಡಿನ ಮಹಿಳೆಯೆಂಬುದು ಮಾತ್ರ ಅನೇಕರಿಗೆ ತಿಳಿಯದು.

1878ರಲ್ಲಿ ನಂಜನಗೂಡಿನಲ್ಲಿ, ದೇವದಾಸಿ ಮನೆತನದಲ್ಲಿ ಜನಿಸಿದ ಬೆಂಗಳೂರು ನಾಗರತ್ನಮ್ಮನವರು ಮದರಾಸಿನಲ್ಲಿ ನೆಲೆಸಿ, ಗಾಯನದಿಂದ ಕೀರ್ತಿಯನ್ನೂ ಸಂಪತ್ತನ್ನೂ ಗಳಿಸಿದ್ದರು. 1847ರಲ್ಲಿ ಕಾಲವಾದ ತ್ಯಾಗರಾಜರ ಸಮಾಧಿಯು ಪಾಳುಬಿದ್ದಿದೆಯೆಂಬ ವಾರ್ತೆಯು ಗುರುಗಳಾದ ಮೈಸೂರಿನ ಬಿಡಾರಂ ಕೃಷ್ಣಪ್ಪನವರಿಂದ ತಲುಪಿದಾಗ ಅವರಿಗೆ ನಲವತ್ತು ದಾಟಿತ್ತು. ಆಸ್ತಿ, ಆಭರಣಗಳನ್ನು ಮಾರಿ, ನೆಲವನ್ನು ಪಡೆದು ಗುಡಿಯನ್ನು ಕಟ್ಟಿಸಿದರು. ಬಳಿಕ ಪ್ರತಿಷ್ಠೆಯು ನೆರವೇರಿತು.

ಆದರೆ ಆರಾಧನೆಯಲ್ಲಿ ಸ್ತ್ರೀಯರು ಹಾಡುವಂತಿರಲಿಲ್ಲ. ಗುಡಿ ಕಟ್ಟಿಸಿದವರಿಗೇ ಅಲ್ಲಿ ಹಾಡುವ ಅಧಿಕಾರವಿಲ್ಲ! ನಾಗರತ್ನಮ್ಮನವರು ಮುನಿದು ಮರಳಲಿಲ್ಲ. ಮಹಿಳೆಯರನ್ನು ಕೂಡಿಸಿ ಗುಡಿಯ ಹಿಂಭಾಗದಲ್ಲಿ ಪ್ರತ್ಯೇಕವಾಗಿ ಗಾನಸೇವೆಯನ್ನು ಆರಂಭಿಸಿದರು. ಇಳಿವಯಸ್ಸಿನಲ್ಲಿ ಮದರಾಸಿನ ವೈಭವವನ್ನು ತೊರೆದು ತಿರುವೈಯಾರಿನಲ್ಲಿಯೇ ನೆಲೆನಿಂತರು. 1940ರ ದಶಕದ ಆರಂಭದಲ್ಲಿ ಬೇರೆಬೇರೆಯಾಗಿದ್ದ ಬಣಗಳು ಒಂದಾದವು. ಸ್ತ್ರೀಯರಿಗೂ ಹಾಡುವ ಅವಕಾಶ ದೊರೆಯಿತು.

ಆ ಹಕ್ಕು ತಮ್ಮ ಕಾಲಕ್ಕೇ ಮುಗಿಯಬಾರದೆಂದು, ತಮ್ಮ ಸ್ವತ್ತನ್ನು ಧರ್ಮಸಂಸ್ಥೆಗೆ ಒಪ್ಪಿಸುವಾಗ, ಸ್ತ್ರೀಯರಿಗೆ ಅಲ್ಲಿ ಪೂಜೆಗೂ ಗಾನಕ್ಕೂ ಅವಕಾಶವಿರತಕ್ಕದ್ದೆಂದು ಅವರು ಉಯಿಲಿನಲ್ಲಿ ವಿಧಿಸಿದರು. 1952ರಲ್ಲಿ ಅವರು ದಿವಂಗತರಾದರು. ಅವರ ಸಮಾಧಿಯು ತ್ಯಾಗರಾಜರ ಸನ್ನಿಧಿಗೆ ಎದುರಾಗಿಯೇ ಇದೆ. ಇಂದು ಪಂಚರತ್ನ ಕೃತಿಗಳನ್ನು ಸ್ತ್ರೀಪುರುಷರು ಅಲ್ಲಿ ಒಟ್ಟಾಗಿ ಹಾಡುತ್ತಾರೆ. ಗುಡಿಯು ಅವರ ಸಂಪತ್ತಿನ ಫಲ. ಈ ಒಕ್ಕೊರಲ ಗಾನವು ಅವರು ಅಲ್ಲಿ ನೆಲೆನಿಂತುದರ ಫಲ.