ಅಪಾರ್ಟ್‌ಮೆಂಟ್‌ನಲ್ಲಿ ಬೆಂಕಿ ಬಿದ್ದರೆ ಟೆರೇಸ್‌ಗೆ ಓಡಬೇಕೇ?

‘ಕಟ್ಟಡದಲ್ಲಿ ಬೆಂಕಿ ಕಂಡರೆ ಕೂಡಲೇ ಟೆರೇಸ್‌ಗೆ ಓಡಿ, ಒದ್ದೆ ಬಟ್ಟೆ ಮೂಗಿಗೆ ಕಟ್ಟಿಕೊಂಡರೆ ಹೊಗೆ ಏನೂ ಮಾಡದು’ ಎಂಬ ಅರ್ಥದ ಸಂದೇಶಗಳು ವಾಟ್ಸಾಪ್ ಗುಂಪುಗಳಲ್ಲಿ ಆಗಾಗ ಬರುತ್ತವೆ. ಇದನ್ನು ನಂಬಬಹುದೇ?

ಮೊದಲು ಹೊಗೆಯ ವಿಚಾರ. ಬೆಂಕಿ ಅವಘಡಗಳಲ್ಲಿ ಸುಟ್ಟು ಸಾಯುವವರಿಗಿಂತ ಹೊಗೆ ಕುಡಿದು ಸಾಯುವವರೇ ಹೆಚ್ಚು. ಹೊಗೆಯಲ್ಲಿರುವ ಕಾರ್ಬನ್ ಮೊನಾಕ್ಸೈಡ್‌ಗೆ ಬಣ್ಣವಿಲ್ಲ, ವಾಸನೆಯಿಲ್ಲ. ಒದ್ದೆ ಬಟ್ಟೆ ಮಸಿಯನ್ನು ಸ್ವಲ್ಪ ತಡೆದೀತು, ಈ ಅನಿಲವನ್ನು ತಡೆಯುವುದಿಲ್ಲ. ಇನ್ನು ಟೆರೇಸ್. ಬಿಸಿ ಹೊಗೆ ಏರುವುದು ಮೇಲಕ್ಕೆ. ಬಾಗಿಲಿಲ್ಲದ ಮೆಟ್ಟಿಲು ಆಗ ಚಿಮಣಿಯಾಗುತ್ತದೆ, ನಾವೂ ಅದೇ ದಾರಿಯಲ್ಲಿ ಹತ್ತುತ್ತಿರುತ್ತೇವೆ. ಮೇಲೆ ಹೋದರೆ ಟೆರೇಸ್ ಬಾಗಿಲಿಗೆ ಬೀಗ! ಕೀಲಿ ವಾಚ್‌ಮನ್ ಬಳಿ, ವಾಚ್‌ಮನ್ ಗೇಟಿನ ಬಳಿ.

ಬೆಂಗಳೂರಿಗೆ ಇದು ಹೊಸದೇನಲ್ಲ. 2010ರ ಫೆಬ್ರವರಿ 23ರಂದು ಹಳೆ ವಿಮಾನ ನಿಲ್ದಾಣ ರಸ್ತೆಯ ಕಾರ್ಲ್‌ಟನ್ ಟವರ್ಸ್‌ನಲ್ಲಿ ಒಂಬತ್ತು ಜನ ಸತ್ತರು. ದಟ್ಟ ಹೊಗೆ ಮಹಡಿಗಳನ್ನು ತುಂಬಿತು, ಉಸಿರುಗಟ್ಟಿದವರು ಕಿಟಕಿಯಿಂದ ಜಿಗಿದರು. ತುರ್ತು ನಿರ್ಗಮನದ ಬಾಗಿಲುಗಳಿಗೆ ಬೀಗ ಬಿದ್ದಿತ್ತು.

ಎಲ್ಲ ಕಟ್ಟಡಕ್ಕೂ ಒಂದೇ ನಿಯಮ ಇಲ್ಲ. 2016ರ ರಾಷ್ಟ್ರೀಯ ಕಟ್ಟಡ ಸಂಹಿತೆ ಕಟ್ಟಡಗಳನ್ನು ಬಳಕೆಗೆ ತಕ್ಕಂತೆ ಒಂಬತ್ತು ಗುಂಪು ಮಾಡುತ್ತದೆ: ಮನೆ, ಶಾಲೆ, ಆಸ್ಪತ್ರೆ, ಚಿತ್ರಮಂದಿರ, ಅಂಗಡಿ, ಗೋದಾಮು ಹೀಗೆ. (ಸಂಹಿತೆ ತಾನಾಗಿಯೇ ಕಾನೂನಲ್ಲ, ರಾಜ್ಯದ ಕಟ್ಟಡ ನಿಯಮಗಳು ಅಳವಡಿಸಿಕೊಂಡಾಗ ಕಡ್ಡಾಯವಾಗುತ್ತದೆ.) ಒಳಗಿರುವವರು ಯಾರು, ತಾವಾಗಿ ಹೊರಬರಬಲ್ಲರೇ ಎಂಬುದೇ ಇಲ್ಲಿ ಮುಖ್ಯ.

ಆಸ್ಪತ್ರೆಯನ್ನೇ ನೋಡಿ. ಐಸಿಯುನಲ್ಲಿರುವ ರೋಗಿಯನ್ನು ಮೆಟ್ಟಿಲಿಳಿಸುವುದು ಸುಲಭವಲ್ಲ. ಆದ್ದರಿಂದ ಅದೇ ಮಹಡಿಯಲ್ಲಿ ಬೆಂಕಿ ತಡೆಯುವ ಗೋಡೆ, ಬಾಗಿಲುಗಳಿಂದ ಬೇರ್ಪಟ್ಟ ಇನ್ನೊಂದು ಭಾಗಕ್ಕೆ ಮಂಚ ಸಮೇತ ತಳ್ಳಿಕೊಂಡು ಹೋಗುವ ವ್ಯವಸ್ಥೆ ಬೇಕು. 2011ರ ಡಿಸೆಂಬರ್‌ನಲ್ಲಿ ಕೋಲ್ಕತ್ತದ ಎಎಂಆರ್‌ಐ ಆಸ್ಪತ್ರೆಯ ನೆಲಮಾಳಿಗೆಯಲ್ಲಿ ಹೊತ್ತಿದ ಬೆಂಕಿಯ ಹೊಗೆ ಮೇಲಿನ ವಾರ್ಡ್‌ಗಳಿಗೆ ನುಗ್ಗಿ ಸುಮಾರು 90 ಜನ ಸತ್ತರು. ಶಾಲೆಯಲ್ಲಿ ಅಪಾಯದ ಬಗೆಯೇ ಬೇರೆ. ತಮಿಳುನಾಡಿನ ಕುಂಭಕೋಣಂನಲ್ಲಿ 2004ರಲ್ಲಿ 94 ಮಕ್ಕಳನ್ನು ಬಲಿ ತೆಗೆದುಕೊಂಡದ್ದು ಹುಲ್ಲಿನ ಚಾವಣಿಗೆ ಹತ್ತಿದ ಬೆಂಕಿ. ಇದಾದ ಮೇಲೆ, 2009ರಲ್ಲಿ, ಶಾಲೆಗಳಲ್ಲಿ ಅಗ್ನಿಶಾಮಕ ಸಾಧನ ಇರಲೇಬೇಕೆಂದು ಸುಪ್ರೀಂ ಕೋರ್ಟ್ ಆದೇಶಿಸಿತು. ಚಿತ್ರಮಂದಿರ, ಕಲ್ಯಾಣ ಮಂಟಪಗಳಲ್ಲಿ ಜನ ಒಮ್ಮೆಲೇ ನುಗ್ಗುವುದರಿಂದ ಬಾಗಿಲು ಹೊರಕ್ಕೆ ತೆರೆಯಬೇಕು, ಒಳಗಿನಿಂದ ಕೀಲಿಯಿಲ್ಲದೆ ತೆರೆಯುವಂತಿರಬೇಕು.

ಅಪಾರ್ಟ್‌ಮೆಂಟ್ 15 ಮೀಟರ್ ಅಥವಾ ಹೆಚ್ಚು ಎತ್ತರವಿದ್ದರೆ ಸಂಹಿತೆಯ ಪ್ರಕಾರ ಬಹುಮಹಡಿ ಕಟ್ಟಡ. ತಾನಾಗಿ ಮುಚ್ಚಿಕೊಳ್ಳುವ ಬಾಗಿಲಿನ ಮೆಟ್ಟಿಲು, ಕೆಲವೆಡೆ ತಾತ್ಕಾಲಿಕವಾಗಿ ನಿಲ್ಲಲು ಆಶ್ರಯ ಜಾಗ, ಎಲ್ಲವೂ ನಕ್ಷೆಯಲ್ಲಿರುತ್ತವೆ. ಆಮೇಲೆ ಗಾಳಿ ಬರಲೆಂದು ಆ ಬಾಗಿಲಿಗೆ ಇಟ್ಟಿಗೆ ಇಡುವವರು ನಾವೇ. ಮೆಟ್ಟಿಲ ಕೆಳಗೆ ಸ್ಕೂಟರ್, ಕಾರಿಡಾರಿನಲ್ಲಿ ಚಪ್ಪಲಿ ಸ್ಟ್ಯಾಂಡ್ ಇಡುವವರೂ ನಾವೇ. ಅಗ್ನಿಶಾಮಕ ಇಲಾಖೆಯ ಎನ್‌ಒಸಿ ಗೋಡೆಯ ಮೇಲಿದ್ದರೂ ಇದನ್ನು ಸರಿಪಡಿಸುವುದಿಲ್ಲ.

ಹಾಗಾದರೆ ಬೆಂಕಿ ಬಿದ್ದಾಗ ಏನು ಮಾಡಬೇಕು? ಮೆಟ್ಟಿಲಿನಲ್ಲಿ ಹೊಗೆ ಇಲ್ಲದಿದ್ದರೆ ಕೆಳಕ್ಕೆ ಇಳಿಯಿರಿ. ಲಿಫ್ಟ್ ಬೇಡ, ಕರೆಂಟ್ ಹೋದರೆ ಒಳಗೇ ಸಿಕ್ಕಿಬೀಳುತ್ತೀರಿ. ಮೆಟ್ಟಿಲಲ್ಲಿ ಹೊಗೆ ತುಂಬಿದ್ದರೆ ಹತ್ತಲೂಬೇಡಿ, ಇಳಿಯಲೂಬೇಡಿ. ಮನೆಗೆ ಮರಳಿ ಬಾಗಿಲು ಮುಚ್ಚಿ. ಒದ್ದೆ ಬಟ್ಟೆ ನಿಜಕ್ಕೂ ಉಪಯೋಗಕ್ಕೆ ಬರುವುದು ಇಲ್ಲಿ, ಬಾಗಿಲಡಿಯ ಸಂದಿಗೆ ತುರುಕಲು. ರಸ್ತೆ ಕಡೆಯ ಕಿಟಕಿಯ ಬಳಿ ನಿಂತು ಬಟ್ಟೆ ಬೀಸಿ. 101 ಅಥವಾ 112ಕ್ಕೆ ಕರೆ ಮಾಡಿ ವಿಳಾಸದ ಜೊತೆ ಎಷ್ಟನೇ ಮಹಡಿ, ಯಾವ ಕಡೆ, ಎಷ್ಟು ಜನ ಇದ್ದೀರಿ ಎಂಬುದನ್ನೂ ಹೇಳಿ.