ಹರಕು ಬಟ್ಟೆಯ ದಾಸೋಹ: ಕೌದಿ ಹೊಲಿದ ಕೂಟಗಳ ಚರಿತ್ರೆ

ಮೂರು ದಶಕಗಳಿಗೂ ಹೆಚ್ಚು ಕಾಲ ಅಕ್ಕಲಕೋಟೆ ತಾಲ್ಲೂಕಿನ ಕನ್ನಡ ಶಾಲೆಗಳಲ್ಲಿ ಇತಿಹಾಸವನ್ನು ಬೋಧಿಸಿದವನು ನಾನು. ರಾಜವಂಶಗಳ ಪಟ್ಟಿ, ಯುದ್ಧಗಳ ಇಸವಿ, ಒಪ್ಪಂದಗಳ ಷರತ್ತು ಇವೆಲ್ಲವನ್ನೂ ಕಪ್ಪು ಹಲಗೆಯ ಮೇಲೆ ಬರೆದೆ, ಅಳಿಸಿದೆ, ಮತ್ತೆ ಬರೆದೆ. ಆದರೆ ಆ ಮಕ್ಕಳು ರಾತ್ರಿ ಹೊದ್ದು ಮಲಗುತ್ತಿದ್ದ ಕೌದಿಯ ಬಗ್ಗೆ ಒಂದು ದಿನವೂ ಒಂದು ಮಾತನ್ನೂ ಹೇಳಲಿಲ್ಲ. ಅದಕ್ಕೊಂದು ಚರಿತ್ರೆ ಇರಬಹುದೆಂದು ನನಗೇ ಹೊಳೆದಿರಲಿಲ್ಲ. ನಿವೃತ್ತಿಯ ನಂತರ ದೊರೆತ ಬಿಡುವಿನಲ್ಲಿ ಈ ವಿಷಯವನ್ನು ಓದುತ್ತ ಹೋದಂತೆ, ಹೆಣ್ಣುಮಕ್ಕಳು ಗುಂಪಾಗಿ ಕುಳಿತು ಹರಕು ಬಟ್ಟೆಯನ್ನು ಹೊಲಿದು ಪರರಿಗೆ ನೀಡಿದ ಕಥೆ ನಮ್ಮ ಊರಿನದು ಮಾತ್ರವಲ್ಲ, ಲೋಕದ ಅನೇಕ ಕಡೆಯದು ಎಂಬುದು ಮನವರಿಕೆಯಾಯಿತು. ಆ ಬೋಧನೆಯ ಬಾಕಿಯನ್ನು ಈ ಸ್ಮರಣ ಸಂಚಿಕೆಯ ಮೂಲಕ ತೀರಿಸುವ ಪ್ರಯತ್ನ ಇದು.

ಮೊದಲು ಪದದಿಂದಲೇ ಆರಂಭಿಸೋಣ. ನಾವು ಕೌದಿ ಎನ್ನುತ್ತೇವೆ. ಕೆಲವರು ಕವದಿ ಎಂದೂ ಕರೆಯುವುದುಂಟು. ನೆರೆಮನೆಯ ಮರಾಠಿಗರು ಗೋಧಡಿ ಎನ್ನುತ್ತಾರೆ. ಸೊಲ್ಲಾಪುರದ ತೆಲುಗು ನೇಕಾರ ಬಂಧುಗಳ ಬಾಯಲ್ಲಿ ಅದು ಬೊಂತ. ಸಂಸ್ಕೃತದ ಕಂಥಾ, ನಮ್ಮ ಹಳೆಯ ಕಾವ್ಯಗಳ ಕಂಥೆ, ಬಂಗಾಳದ ಕಾಂಥಾ ಇವೆಲ್ಲ ಒಂದೇ ಕುಲಕ್ಕೆ ಸೇರಿದ ಪದಗಳು. ಹಳೆಯ ಧೋತರ, ಜೀರ್ಣವಾದ ಇಳಕಲ್ ಸೀರೆ, ಕುಪ್ಪಸದ ಖಣದ ತುಂಡು, ಮಕ್ಕಳ ಅಂಗಿ ಇವುಗಳನ್ನು ಪದರು ಪದರಾಗಿ ಹಾಸಿ, ಅಂಚಿನಿಂದ ನಡುವಿನ ಕಡೆಗೆ ಸಾಲು ಹೊಲಿಗೆ ಹಾಕುತ್ತ ಬಂದರೆ ಕೌದಿಯಾಗುತ್ತದೆ. ಹೊಲಿಗೆಯ ಸಾಲುಗಳು ಎಷ್ಟು ಒತ್ತಾಗಿರುವವೋ ಅಷ್ಟು ಬಾಳಿಕೆ. ಪದರುಗಳ ನಡುವೆ ನಿಂತ ಗಾಳಿಯೇ ಬೆಚ್ಚಗಿಡುವುದರಿಂದ, ಸವೆದ ಬಟ್ಟೆಯಾದರೂ ಚಳಿಯನ್ನು ತಡೆಯುತ್ತದೆ. ಹಲವು ಬಾರಿ ಒಗೆದ ಹತ್ತಿ ಬಟ್ಟೆ ಮೃದುವಾಗಿರುವುದರಿಂದಲೇ ಬಾಣಂತಿಗೂ ತೊಟ್ಟಿಲ ಕೂಸಿಗೂ ಹೊಸ ಬಟ್ಟೆಗಿಂತ ಕೌದಿಯೇ ಶ್ರೇಷ್ಠವೆಂದು ಹಿರಿಯರು ತಿಳಿದಿದ್ದರು.

ನನ್ನ ಬಾಲ್ಯದಲ್ಲಿ ಹಿಂಗಾರಿ ಜೋಳದ ರಾಶಿ ಮುಗಿದು ಬೇಸಿಗೆ ಆರಂಭವಾದೊಡನೆ ಓಣಿಯ ಪಡಸಾಲೆಗಳಲ್ಲಿ ಕೌದಿಯ ಕೆಲಸ ತೊಡಗುತ್ತಿತ್ತು. ಹೊಲದ ಕೆಲಸಕ್ಕೆ ಮುಯ್ಯಾಳು ಪದ್ಧತಿ ಇದ್ದಂತೆ ಕೌದಿಗೂ ಮುಯ್ಯಿ ಇತ್ತು. ಇಂದು ನಮ್ಮ ಮನೆಯದಕ್ಕೆ ನೀವು ಬಂದರೆ ನಾಳೆ ನಿಮ್ಮ ಮನೆಯದಕ್ಕೆ ನಾವು. ನಾಲ್ಕು ಮೂಲೆಗಳಲ್ಲಿ ನಾಲ್ವರು ಕುಳಿತು ಹೊಲಿಯುತ್ತ ಬಂದಂತೆ ಮಾತೂ ಹಾಡೂ ಸಾಗುತ್ತಿದ್ದವು. ಕೊನೆಯ ಹೊಲಿಗೆ ಮುಚ್ಚುವ ಮುನ್ನ ನನ್ನ ತಾಯಿ ನಾಲ್ಕು ಜೋಳದ ಕಾಳನ್ನು ಪದರಿನೊಳಗೆ ಸೇರಿಸುತ್ತಿದ್ದಳು. ಕೇಳಿದರೆ, ಕೌದಿಯ ಹೊಟ್ಟೆ ತುಂಬಿರಬೇಕು, ಹೊದ್ದವರ ಹೊಟ್ಟೆಯೂ ತುಂಬಿರುತ್ತದೆ ಎನ್ನುತ್ತಿದ್ದಳು. ಓಣಿಯಲ್ಲಿ ಯಾರ ಮನೆಯಲ್ಲಿ ಹೆರಿಗೆಯಾದರೂ, ಆ ಮನೆಯಲ್ಲಿ ಹೊಲಿಯುವವರಿಲ್ಲದಿದ್ದರೆ, ಉಳಿದ ಮನೆಗಳ ತುಂಡುಗಳು ಸೇರಿ ಒಂದು ತೊಟ್ಟಿಲ ಕೌದಿ ಸಿದ್ಧವಾಗುತ್ತಿತ್ತು. ಅದಕ್ಕೆ ಅಧ್ಯಕ್ಷರಿರಲಿಲ್ಲ, ಕಾರ್ಯದರ್ಶಿ ಇರಲಿಲ್ಲ, ವರದಿ ವಾಚನವೂ ಇರಲಿಲ್ಲ. ಆದರೂ ಅದು ಒಂದು ಕೂಟವೇ ಆಗಿತ್ತು.

ಇಂತಹ ಕೂಟದ ಬೇರನ್ನು ಅರಸುತ್ತ ಹೋದರೆ ನಾವು ಬುದ್ಧನ ಕಾಲದವರೆಗೆ ತಲುಪುತ್ತೇವೆ. ಭಿಕ್ಷುಗಳು ಬಿಸುಟ ಬಟ್ಟೆಯ ತುಂಡುಗಳನ್ನು ಆಯ್ದು, ಒಗೆದು, ಜೋಡಿಸಿ ಚೀವರ ಮಾಡಿಕೊಳ್ಳುತ್ತಿದ್ದರು. ಮಗಧದ ಗದ್ದೆಗಳ ಬದುಗಳನ್ನು ತೋರಿಸಿ ಅದೇ ವಿನ್ಯಾಸದಲ್ಲಿ ಚೀವರವನ್ನು ಜೋಡಿಸಲು ಬುದ್ಧನು ಆನಂದನಿಗೆ ಹೇಳಿದನೆಂದು ವಿನಯ ಪಿಟಕದ ಮಹಾವಗ್ಗವು ತಿಳಿಸುತ್ತದೆ. ಮಳೆಗಾಲದ ವಾಸ ಮುಗಿದ ಬಳಿಕ ಆಚರಿಸುವ ಕಠಿನ ವಿಧಿಯಲ್ಲಿ ಗೃಹಸ್ಥರು ಬಟ್ಟೆಯನ್ನು ದಾನ ಮಾಡುವರು. ಭಿಕ್ಷುಗಳೆಲ್ಲ ಕೂಡಿ ಅದೇ ದಿನ ಅದನ್ನು ಹೊಲಿದು ತಮ್ಮೊಳಗೊಬ್ಬನಿಗೆ ನೀಡುವರು. ಕೂಡಿ ಹೊಲಿಯುವುದು ಮತ್ತು ದಾನ ಎರಡೂ ಇಲ್ಲಿ ಒಂದಾಗಿವೆ. ನಮ್ಮ ಭೀಮಾ ನದಿಯ ದಂಡೆಯಲ್ಲೇ, ಕಲಬುರಗಿ ಜಿಲ್ಲೆಯ ಸನ್ನತಿ, ಕನಗನಹಳ್ಳಿಗಳಲ್ಲಿ ಬೌದ್ಧರ ದೊಡ್ಡ ನೆಲೆ ಇದ್ದಿತೆಂಬುದನ್ನು ನೆನೆದರೆ, ಈ ಮಾತು ನಮಗೆ ದೂರದ್ದೆನಿಸದು.

ಶರಣರ ಕಾಲಕ್ಕೆ ಬಂದರೆ ಸೂಜಿಯೇ ಕಾಯಕವಾಯಿತು. ಸೂಜಿಕಾಯಕದ ರಾಮಿತಂದೆ ಎಂಬ ವಚನಕಾರನ ಹೆಸರೇ ಇದಕ್ಕೆ ಸಾಕ್ಷಿ. ಮುದನೂರಿನ ಜೇಡರ ದಾಸಿಮಯ್ಯನು ತಾನು ನೇಯ್ದ ಬಟ್ಟೆಯನ್ನು ಮುದಿ ಜಂಗಮನೊಬ್ಬನಿಗೆ ನೀಡಿದಾಗ, ಆತ ಅದನ್ನು ಕಣ್ಣೆದುರಿಗೇ ಹರಿದು ಚೂರು ಮಾಡಿದರೂ ದಾಸಿಮಯ್ಯನು ಕೋಪಿಸಿಕೊಳ್ಳದೆ ಉಪಚರಿಸಿದನೆಂಬ ಐತಿಹ್ಯ ನಮ್ಮೆಲ್ಲರಿಗೂ ಗೊತ್ತು. ಕೊಟ್ಟ ಮೇಲೆ ಅದು ತನ್ನದಲ್ಲ ಎಂಬುದೇ ಆ ಕಥೆಯ ಸಾರ. ಕಾಯಕದಿಂದ ಬಂದುದನ್ನು ದಾಸೋಹಕ್ಕೆ ಸಲ್ಲಿಸಬೇಕೆಂಬ ತತ್ವವನ್ನು ಸೊಲ್ಲಾಪುರದ ಸಿದ್ಧರಾಮನು ಕೆರೆ ಕಟ್ಟಿಸಿ ತೋರಿಸಿದನು. ನಮ್ಮ ಓಣಿಯ ಹೆಣ್ಣುಮಕ್ಕಳು ಕೌದಿ ಹೊಲಿದು ತೋರಿಸಿದರು.

ಹತ್ತೊಂಬತ್ತನೆಯ ಶತಮಾನದಲ್ಲಿ ನಮ್ಮ ಭಾಗದ ಬದುಕನ್ನು ಬದಲಿಸಿದ್ದು ಗಿರಣಿ. 1876ರಿಂದ 1878ರವರೆಗಿನ ಭೀಕರ ಬರ ಸೊಲ್ಲಾಪುರ, ಕಲಾದಗಿ, ಬಳ್ಳಾರಿ ಸೀಮೆಗಳನ್ನು ಸುಟ್ಟ ದಿನಗಳಲ್ಲಿಯೇ, 1877ರಲ್ಲಿ ಸೊಲ್ಲಾಪುರದ ನೂಲು ಮತ್ತು ನೇಯ್ಗೆಯ ಗಿರಣಿ ಕೆಲಸ ಆರಂಭಿಸಿತು. ಜನ ಅದನ್ನು ಮುಂದೆ ಜುನಿ ಮಿಲ್ ಎಂದೇ ಕರೆದರು. ಹಳ್ಳಿಗಳಿಂದ ಕನ್ನಡಿಗರೂ, ತೆಲಂಗಾಣದಿಂದ ಪದ್ಮಶಾಲಿಗಳೂ ಬಂದು ಈ ನಗರದಲ್ಲಿ ನೆಲೆಸಿದರು. ಗಿರಣಿಗಳ ಮತ್ತು ಮಗ್ಗಗಳ ತುಂಡು ಬಟ್ಟೆ ಚಿಂದಿ ಎಂಬ ಹೆಸರಿನಲ್ಲಿ ತೂಕದ ಲೆಕ್ಕಕ್ಕೆ ಸಿಗತೊಡಗಿದ ಮೇಲೆ ನಮ್ಮ ಕೌದಿಗಳಿಗೆ ಹೊಸ ಬಣ್ಣಗಳು ಬಂದವು. ಇಂದು ಸೊಲ್ಲಾಪುರದ ಚಾದರಕ್ಕೆ ಭೌಗೋಳಿಕ ಸೂಚಕದ ಮಾನ್ಯತೆ ದೊರೆತಿದೆ. ಅದು ನಮಗೆಲ್ಲ ಹೆಮ್ಮೆ. ಆದರೆ ಅದೇ ನಗರದ ಚಿಂದಿಯಿಂದ ಹುಟ್ಟಿದ ಕೌದಿಗೆ ಅಂಗಡಿಯೂ ಇಲ್ಲ, ಮೊಹರೂ ಇಲ್ಲ.

ಇನ್ನು ಹೊರನಾಡಿನ ಎರಡು ಕೂಟಗಳನ್ನು ನೋಡೋಣ. 1942ರ ಫೆಬ್ರುವರಿಯಲ್ಲಿ ಸಿಂಗಾಪುರವು ಜಪಾನೀಯರ ವಶವಾದಾಗ, ಅಲ್ಲಿದ್ದ ಬ್ರಿಟಿಷ್, ಆಸ್ಟ್ರೇಲಿಯನ್ ಮೊದಲಾದ ನಾಗರಿಕ ಮಹಿಳೆಯರನ್ನೂ ಮಕ್ಕಳನ್ನೂ ಚಾಂಗಿ ಸೆರೆಮನೆಯಲ್ಲಿ ಇಟ್ಟರು. ಗಂಡಂದಿರು ಬೇರೆ ಕಡೆ ಸೆರೆಯಲ್ಲಿದ್ದರು. ಯಾರು ಬದುಕಿರುವರು, ಯಾರು ಇಲ್ಲ ಎಂಬುದು ಪರಸ್ಪರ ತಿಳಿಯದು. ಆಗ ಎಥೆಲ್ ಮಲ್ವಾನಿ ಎಂಬ ಕೆನಡಾದ ಮಹಿಳೆ ರೆಡ್‌ಕ್ರಾಸ್ ಪರವಾಗಿ ಒಂದು ಉಪಾಯ ಹೂಡಿದರು. ಆಸ್ಪತ್ರೆಯ ಗಾಯಾಳುಗಳಿಗಾಗಿ ಕೌದಿ ಹೊಲಿಯಲು ಅನುಮತಿ ಪಡೆದು, ಪ್ರತಿಯೊಬ್ಬ ಮಹಿಳೆಗೂ ಒಂದು ಚೌಕ ಬಟ್ಟೆಯನ್ನು ಕೊಟ್ಟು, ಅದರಲ್ಲಿ ತನ್ನದಾದ ಏನನ್ನಾದರೂ ಹೊಲಿದು ಹೆಸರು ಹಾಕಲು ಹೇಳಿದರು. ತಲಾ 66 ಚೌಕಗಳ ಮೂರು ಕೌದಿಗಳು ಸಿದ್ಧವಾದವು. ಒಂದು ಬ್ರಿಟಿಷರಿಗೆ, ಒಂದು ಆಸ್ಟ್ರೇಲಿಯನ್ನರಿಗೆ, ಒಂದು ಜಪಾನಿನ ಗಾಯಾಳುಗಳಿಗೆ. ಆ ಹೆಸರುಗಳೇ ಗಂಡಂದಿರಿಗೆ ತಲುಪಬೇಕಾದ ಪತ್ರಗಳಾಗಿದ್ದವು. ಅವುಗಳಲ್ಲಿ ಎರಡು ಇಂದು ಕ್ಯಾನ್‌ಬೆರಾದ ಯುದ್ಧ ಸ್ಮಾರಕದಲ್ಲಿವೆ. ಇನ್ನೊಂದು ಬ್ರಿಟಿಷ್ ರೆಡ್‌ಕ್ರಾಸ್ ಬಳಿ ಇದೆ.

ಎರಡನೆಯದು ಅಮೆರಿಕದ ಅಲಬಾಮಾ ರಾಜ್ಯದ ವಿಲ್‌ಕಾಕ್ಸ್ ಕೌಂಟಿಯದು. ಮತದ ಹಕ್ಕಿಗಾಗಿ ಹೋರಾಡುತ್ತಿದ್ದ ಅಲ್ಲಿನ ಕಪ್ಪು ಜನಾಂಗದ ಬಡ ಕುಟುಂಬಗಳು ಮತದಾರರಾಗಿ ಹೆಸರು ನೋಂದಾಯಿಸಿದ ಕಾರಣಕ್ಕೇ ಕೆಲಸವನ್ನೂ ನೆಲೆಯನ್ನೂ ಕಳೆದುಕೊಳ್ಳುತ್ತಿದ್ದವು. 1966ರಲ್ಲಿ ಅಲ್ಲಿನ ಮಹಿಳೆಯರು ಫ್ರಾನ್ಸಿಸ್ ವಾಲ್ಟರ್ ಎಂಬ ಪಾದ್ರಿಯ ನೆರವಿನಿಂದ ಫ್ರೀಡಂ ಕ್ವಿಲ್ಟಿಂಗ್ ಬೀ ಎಂಬ ಸಹಕಾರಿ ಕೂಟವನ್ನು ಕಟ್ಟಿದರು. ಅವರ ಕೌದಿಗಳು ನ್ಯೂಯಾರ್ಕಿನಲ್ಲಿ ಹರಾಜಾದವು. ಬಂದ ಹಣದಿಂದ ಭೂಮಿ ಕೊಂಡು, ಹೊಲಿಗೆ ಕೇಂದ್ರವನ್ನು ಕಟ್ಟಿದರು. ಅಜ್ಜಿಯರಿಂದ ಕಲಿತ ವಿದ್ಯೆ ಸ್ವಾಭಿಮಾನದ ಅನ್ನವಾಯಿತು.

ನಮ್ಮ ನಾಡಿನಲ್ಲಿಯೂ ಇದಕ್ಕೆ ಹೋಲುವ ಉದಾಹರಣೆ ಇದೆ. ಪೋರ್ಚುಗೀಸರ ಕಾಲದಲ್ಲಿ ಪೂರ್ವ ಆಫ್ರಿಕಾದಿಂದ ಗುಲಾಮರಾಗಿ ಗೋವೆಗೆ ತರಲ್ಪಟ್ಟವರಲ್ಲಿ ಹಲವರು ತಪ್ಪಿಸಿಕೊಂಡು ಉತ್ತರ ಕನ್ನಡದ ಕಾಡುಗಳನ್ನು ಸೇರಿದರು. ಹಳಿಯಾಳ, ಯಲ್ಲಾಪುರ, ಮುಂಡಗೋಡ ಭಾಗದ ಸಿದ್ದಿಗಳು ಅವರ ಸಂತತಿ. 2003ರಲ್ಲಿ ಅವರಿಗೆ ಪರಿಶಿಷ್ಟ ಪಂಗಡದ ಮಾನ್ಯತೆ ದೊರೆಯಿತು. ಅವರಲ್ಲಿ ಹಿಂದೂಗಳೂ ಮುಸಲ್ಮಾನರೂ ಕ್ರೈಸ್ತರೂ ಇದ್ದಾರೆ. ಆದರೆ ಕೌದಿ ಮೂವರಿಗೂ ಸಾಮಾನ್ಯ. ಮೂಲೆಗಳಲ್ಲಿ ಫೂಲ, ಅಂದರೆ ಹೂ, ಎಂಬ ತ್ರಿಕೋನದ ತುಂಡುಗಳನ್ನು ಹೊಲಿಯದಿದ್ದರೆ ಕೌದಿ ಬತ್ತಲೆ ಎಂದು ಅವರ ನಂಬಿಕೆ. ಹೆನ್ರಿ ಡ್ರೂವಲ್ ಎಂಬ ಕಲಾ ಇತಿಹಾಸಕಾರರ ನೆರವಿನಿಂದ 2004ರಲ್ಲಿ ಸಿದ್ದಿ ಮಹಿಳೆಯರ ಕೌದಿ ಸಹಕಾರ ಕೂಟ ರೂಪುಗೊಂಡಿತು. 2011ರಲ್ಲಿ ಅವರ ಕೌದಿಗಳು ನ್ಯೂಯಾರ್ಕಿನ ಷೋಂಬರ್ಗ್ ಕೇಂದ್ರದಲ್ಲಿ ಪ್ರದರ್ಶಿತವಾದವು. ಮನೆಯ ಮೂಲೆಯಲ್ಲಿ ಮಡಚಿಟ್ಟ ವಸ್ತುವನ್ನು ಲೋಕ ಗೋಡೆಗೆ ತೂಗುಹಾಕಿ ನೋಡಿತು.

ಈಗ ನನ್ನ ಸ್ವಂತ ನೆನಪೊಂದನ್ನು ಹೇಳಬೇಕು. 1993ರ ಸೆಪ್ಟೆಂಬರ್ 30ರ ನಸುಕು. ಹಿಂದಿನ ದಿನವಷ್ಟೇ ಗಣೇಶನ ವಿಸರ್ಜನೆಯಾಗಿತ್ತು. ನಾಲ್ಕು ಗಂಟೆಯ ಸುಮಾರಿಗೆ ನೆಲ ನಡುಗಿತು. ನಮ್ಮ ಊರಲ್ಲಿ ಪಾತ್ರೆಗಳು ಉರುಳಿದವು, ಜನ ಬೀದಿಗೆ ಬಂದರು. ಬೆಳಗಾದ ಮೇಲೆ ತಿಳಿಯಿತು, ಕಿಲ್ಲಾರಿ, ಸಾಸ್ತೂರ ಮೊದಲಾದ ಊರುಗಳು ನೆಲಸಮವಾಗಿದ್ದವು. ಮಣ್ಣಿನಲ್ಲಿ ಕಟ್ಟಿದ ದಪ್ಪ ಕಲ್ಲಿನ ಗೋಡೆಗಳು ಮಲಗಿದ್ದವರ ಮೇಲೆಯೇ ಕುಸಿದಿದ್ದವು. ಸುಮಾರು ಹತ್ತು ಸಾವಿರ ಜನ ಮಡಿದರು. ಉಳಿದವರು ಬಯಲಿನಲ್ಲಿ, ಮಳೆಯಲ್ಲಿ.

ನಮ್ಮ ಊರಿನಿಂದ ಹೊರಟ ಲಾರಿಗೆ ಜೋಳ, ಬಟ್ಟೆ, ಪಾತ್ರೆಗಳನ್ನು ಕೂಡಿಸುವ ಹೊಣೆ ಶಾಲೆಯ ಶಿಕ್ಷಕರ ಮೇಲಿತ್ತು. ನಾನು ಮನೆಗೆ ಬಂದಾಗ ತಾಯಿ ಒಂದು ಕೌದಿಯನ್ನು ಮಡಚಿ ಹೊಸ್ತಿಲಲ್ಲಿ ಇಟ್ಟಿದ್ದಳು. ತೀರಿಹೋದ ತಂದೆಯವರ ಧೋತರಗಳನ್ನೂ ತನ್ನ ಮದುವೆಯ ಇಳಕಲ್ ಸೀರೆಯನ್ನೂ ಸೇರಿಸಿ ಹೊಲಿದ ಕೌದಿ ಅದು. ನನಗೆ ಮನಸ್ಸಾಗಲಿಲ್ಲ. ಅದನ್ನು ಇಟ್ಟುಕೋ, ಪೇಟೆಯಿಂದ ಎರಡು ಹೊಸ ಚಾದರ ತಂದು ಕೊಡುತ್ತೇನೆ ಎಂದೆ. ಆಕೆ, “ಚಾದರ ಎಲ್ಲಾರೂ ಕೊಡ್ತಾರ. ಮನಿ ಹೋದವರಿಗೆ ಮನೀದು ಏನರ ಬೇಕಲ್ಲ?” ಎಂದಳು. ಕೌದಿ ಲಾರಿ ಏರಿತು. ಓಣಿಯಿಂದ ಹಲವು ಕೌದಿಗಳು ಹೋದವು. ಆ ಚಳಿಗಾಲ ನನ್ನ ತಾಯಿ ಪೇಟೆಯ ಚಾದರ ಹೊದ್ದಳು.

ಅಕ್ಷರ ಬಾರದ ಆಕೆ ತನ್ನ ಬಾಳಿನಲ್ಲಿ ಮಾಡಿದ ಅತ್ಯಂತ ದೊಡ್ಡ ದಾನ ಅದೆಂದು ನಾನು ಬಹಳ ತಡವಾಗಿ ಅರಿತೆ. ಯಾವ ದಾಖಲೆಯಲ್ಲೂ ಅದಿಲ್ಲ. ಲಾರಿಯ ಪಟ್ಟಿಯನ್ನು ಬರೆದವನು ನಾನೇ. ಅದರಲ್ಲಿ ‘ಹಳೆಯ ಹೊದಿಕೆಗಳು’ ಎಂದಷ್ಟೇ ಬರೆದೆ. ಇತಿಹಾಸದ ಶಿಕ್ಷಕನಾಗಿ ನಾನು ಮಾಡಿದ ತಪ್ಪು ಅದು. ಚಾಂಗಿಯ ಹೆಣ್ಣುಮಕ್ಕಳ ಹೆಸರುಗಳು ಇಂದಿಗೂ ಉಳಿದಿರುವುದು ಅವರು ಹೊಲಿದುದರಿಂದ ಮಾತ್ರವಲ್ಲ, ಹೆಸರು ಹಾಕಿದುದರಿಂದ.

ಇಂದು ನಮ್ಮ ಮನೆಗಳಲ್ಲಿ ಕೌದಿ ವಿರಳವಾಗುತ್ತಿದೆ. ಗಿರಣಿಯ ಹೊದಿಕೆ ಅಗ್ಗ, ಸೀರೆಗಳು ಹೆಚ್ಚಾಗಿ ಕೃತಕ ನೂಲಿನವು, ದಬ್ಬಣ ಹಿಡಿಯುವ ಕೈಗಳು ಮುಪ್ಪಾಗಿವೆ. ಕೌದಿಯೊಂದಿಗೆ ಪದರು, ತೇಪೆ, ಅಂಚು, ಚೌಕಳಿ, ಕುಂಚಿಗೆ, ಮುಯ್ಯಿ ಎಂಬ ಮಾತುಗಳೂ ಮೊಮ್ಮಕ್ಕಳ ಬಾಯಿಂದ ಜಾರುತ್ತಿವೆ. ಗಡಿಯಾಚೆಯ ನಮಗೆ ಭಾಷೆ ಉಳಿದದ್ದು ಶಾಲೆಯಿಂದ ಎಂದು ನಾವು ಶಿಕ್ಷಕರು ಹೇಳಿಕೊಳ್ಳುತ್ತೇವೆ. ಶಾಲೆಗಿಂತ ಮೊದಲು ಅದು ಉಳಿದದ್ದು ಪಡಸಾಲೆಯ ಆ ಮಾತುಕತೆಯಿಂದ.

ಆದ್ದರಿಂದ ಸಂಘದ ಮುಂದೆ ನನ್ನದೊಂದು ವಿನಮ್ರ ಸೂಚನೆ. ನಮ್ಮ ಜಿಲ್ಲೆಯಲ್ಲಿ ಸಕ್ಕರೆ ಕಾರ್ಖಾನೆಗಳು ಬಹಳ. ದೀಪಾವಳಿಯ ಹೊತ್ತಿಗೆ ಕಬ್ಬು ಕಡಿಯುವ ಕುಟುಂಬಗಳು ಬಂದು ಹೊಲದಂಚಿನ ಗುಡಿಸಲುಗಳಲ್ಲಿ ಚಳಿಗಾಲವನ್ನು ಕಳೆಯುತ್ತವೆ; ಕೂಸುಗಳೂ ಅವರೊಂದಿಗೇ. ಪ್ರತಿ ಬೇಸಿಗೆಯಲ್ಲಿ ನಮ್ಮ ಹಿರಿಯ ಮಹಿಳೆಯರು ಹತ್ತು ದಿನ ಕೂಡಿ ಕುಳಿತು, ಮನೆಮನೆಯ ಹತ್ತಿ ಬಟ್ಟೆಯನ್ನು ಸಂಗ್ರಹಿಸಿ, ಆ ಕೂಸುಗಳಿಗಾಗಿ ತೊಟ್ಟಿಲ ಕೌದಿಗಳನ್ನು ಹೊಲಿಯಲಿ. ರಜೆಗೆ ಬಂದ ಮೊಮ್ಮಕ್ಕಳು ಸೂಜಿಗೆ ದಾರ ಪೋಣಿಸಿಕೊಡಲಿ, ಹಾಡುಗಳನ್ನು ಬರೆದುಕೊಳ್ಳಲಿ. ಪ್ರತಿ ಕೌದಿಯ ಮೂಲೆಯಲ್ಲಿ ಹೊಲಿದವರ ಹೆಸರು ಕನ್ನಡ ಅಕ್ಷರಗಳಲ್ಲಿ ಇರಲಿ. ಸಂಘವು ಒಂದು ದಪ್ಪ ವಹಿಯಲ್ಲಿ ಯಾರು ಹೊಲಿದರು, ಯಾವ ಬಟ್ಟೆಯಿಂದ ಹೊಲಿದರು, ಯಾರಿಗೆ ಕೊಟ್ಟರು ಎಂಬುದನ್ನು ಬರೆದಿಡಲಿ. ಆ ವಹಿಯ ಬರವಣಿಗೆಯ ಕೆಲಸವನ್ನು, ಕಣ್ಣು ಕಾಣುವವರೆಗೆ, ನಾನು ಸಂತೋಷದಿಂದ ವಹಿಸಿಕೊಳ್ಳುತ್ತೇನೆ. ಮೊದಲ ಪುಟದಲ್ಲಿ ಕಿಲ್ಲಾರಿಗೆ ಹೋದ ಆ ಕೌದಿಗಳ ಮನೆಗಳ ಹೆಸರುಗಳನ್ನು, ನೆನಪಿದ್ದಷ್ಟು, ಬರೆಯಬೇಕೆಂದಿದ್ದೇನೆ. ನಿಮ್ಮ ನಿಮ್ಮ ಮನೆಯ ಹಿರಿಯರನ್ನು ಕೇಳಿ ನನಗೆ ತಿಳಿಸಬೇಕೆಂದು ಪ್ರಾರ್ಥಿಸುತ್ತೇನೆ.