ಚಂದ್ರನ ಮೇಲೆ ಮಡ್‌ಗಾರ್ಡ್ ಮುರಿದಾಗ

ಕಳೆದ ಬಾರಿ ಘಾಟಿ ರಸ್ತೆಯಲ್ಲಿ ಜೀಪು ಕೆಟ್ಟರೆ ಏನು ಮಾಡೋದು ಅಂತ ಮಾತಾಡಿದ್ವಿ. ಇವತ್ತು ಅದೇ ವಿಷಯ, ಜಾಗ ಮಾತ್ರ ಸ್ವಲ್ಪ ದೂರ. ಮೆಕ್ಯಾನಿಕ್ಕೂ ಇಲ್ಲ, ಟೋಯಿಂಗ್ ಗಾಡಿಯೂ ಇಲ್ಲ, ಹತ್ತಿರದ ಗ್ಯಾರೇಜು ಸುಮಾರು 3 ಲಕ್ಷ 84 ಸಾವಿರ ಕಿಲೋಮೀಟರ್ ಆಚೆ. ಮನುಷ್ಯ ಓಡಿಸಿದ ಅತ್ಯಂತ ದುಬಾರಿ ಆಫ್-ರೋಡ್ ಗಾಡಿಗಳಲ್ಲಿ ಒಂದರ ಕಥೆ ಇದು. ಅಪೊಲೊ 15, 16, 17ರಲ್ಲಿ ಚಂದ್ರನ ಮೇಲೆ ಓಡಿದ ಲೂನಾರ್ ರೋವರ್.

ಮೊದಲು ಗಾಡಿ ಎಂಥದ್ದು ಅಂತ ನೋಡೋಣ. ಮಾಡಿದ್ದು ಬೋಯಿಂಗ್, ಚಕ್ರ ಮತ್ತು ಮೋಟಾರಿನ ಕೆಲಸ ಜನರಲ್ ಮೋಟಾರ್ಸ್‌ನದ್ದು. 1969ರ ಅಕ್ಟೋಬರ್‌ನಲ್ಲಿ ಗುತ್ತಿಗೆ ಸಿಕ್ಕಿತು, ಹದಿನೇಳು ತಿಂಗಳಲ್ಲಿ ಗಾಡಿ ರೆಡಿ. ನಮ್ಮ ಪ್ರಾಜೆಕ್ಟುಗಳಲ್ಲಿ ಅಷ್ಟು ಹೊತ್ತಿಗೆ ರಿಕ್ವೈರ್‌ಮೆಂಟ್ ಮೀಟಿಂಗೇ ಮುಗಿದಿರೋದಿಲ್ಲ ಬಿಡಿ. ಭೂಮಿಯ ಮೇಲೆ ತೂಕ ಸುಮಾರು 210 ಕೆಜಿ, ಚಂದ್ರನ ಮೇಲೆ ಅದರ ಆರನೇ ಒಂದು ಪಾಲು. ಆದರೆ ತನ್ನ ತೂಕದ ಎರಡು ಪಟ್ಟಿಗಿಂತ ಹೆಚ್ಚು ಭಾರ ಹೊರುತ್ತಿತ್ತು. ರಬ್ಬರ್ ಟಯರ್ ಇಲ್ಲ, ಸತು ಲೇಪಿಸಿದ ಪಿಯಾನೊ ತಂತಿಯಿಂದ ಹೆಣೆದ ಜಾಲರಿ ಚಕ್ರ. ನಾಲ್ಕು ಚಕ್ರಕ್ಕೂ ಒಂದೊಂದು ಕಾಲು ಎಚ್‌ಪಿ ಮೋಟಾರು. ಸ್ಟೇರಿಂಗ್ ಮುಂದಿನ ಚಕ್ರಗಳಿಗೂ ಉಂಟು, ಹಿಂದಿನ ಚಕ್ರಗಳಿಗೂ ಉಂಟು, ಎರಡಕ್ಕೂ ಬೇರೆ ಬೇರೆ ಮೋಟಾರು. ಒಂದು ಕೈಕೊಟ್ಟರೆ ಇನ್ನೊಂದು.

ಕೈಕೊಟ್ಟಿತು ಕೂಡ. ಮೊದಲ ದಿನವೇ! 1971ರ ಜುಲೈ 31ರಂದು ಅಪೊಲೊ 15ರ ಡೇವಿಡ್ ಸ್ಕಾಟ್ ಗಾಡಿಯನ್ನು ಇಳಿಸಿ, ಹತ್ತಿ ಕೂತು, ಕಂಟ್ರೋಲರ್ ತಿರುಗಿಸಿದರೆ ಮುಂದಿನ ಚಕ್ರ ಅಲ್ಲಾಡಲೇ ಇಲ್ಲ. ಸ್ವಿಚ್ಚು, ಬ್ರೇಕರು ಎಲ್ಲ ಆಫ್ ಮಾಡಿ ಆನ್ ಮಾಡಿ ನೋಡಿದರು. ಇಲ್ಲ. ಚಂದ್ರನ ಮೇಲಿನ ಒಂದೊಂದು ನಿಮಿಷಕ್ಕೂ ಲೆಕ್ಕ ಇರುವಾಗ ಅದನ್ನೇ ಕೆದಕುತ್ತಾ ಕೂರೋದು ಸರಿಯಲ್ಲ ಅಂತ ಹೂಸ್ಟನ್ ತೀರ್ಮಾನಿಸಿತು. ಹಿಂದಿನ ಸ್ಟೇರಿಂಗ್ ಸರಿ ಇದೆ, ಅದರಲ್ಲೇ ಹೊರಡಿ. ಆ ದಿನ ಹಾಗೆಯೇ ಹತ್ತು ಕಿಲೋಮೀಟರ್ ಓಡಿಸಿದರು. ಮರುದಿನ ಬಂದು ಸ್ವಿಚ್ ಹಾಕಿದರೆ ಮುಂದಿನ ಸ್ಟೇರಿಂಗ್ ಏನೂ ಆಗೇ ಇಲ್ಲ ಅನ್ನೋ ಹಾಗೆ ಕೆಲಸ ಮಾಡಿತು. ಆನ್-ಕಾಲ್ ಡ್ಯೂಟಿ ಮಾಡಿದವರಿಗೆ ಈ ಜಾತಿಯ ತೊಂದರೆ ಚೆನ್ನಾಗಿ ಪರಿಚಯ ಇರುತ್ತೆ.

ಆದರೆ ಸ್ಟೇರಿಂಗ್‌ಗಿಂತ ನನಗೆ ಹೆಚ್ಚು ಕುತೂಹಲ ಮಡ್‌ಗಾರ್ಡಿನ ಕಥೆ. ಯಾಕಂದ್ರೆ ನಮ್ಮೂರ ಗಾಡಿಯಲ್ಲಿ ಮಡ್‌ಗಾರ್ಡ್ ಹೋದರೆ ಯಾರೂ ತಲೆ ಕೆಡಿಸಿಕೊಳ್ಳೋದಿಲ್ಲ. ಹೆಚ್ಚಂದ್ರೆ ಪ್ಯಾಂಟಿಗೆ ಕೆಸರು.

ಚಂದ್ರನ ಧೂಳು ಬೇರೆ ಥರ. ಅಲ್ಲಿ ಗಾಳಿ ಇಲ್ಲ, ನೀರಿಲ್ಲ, ಹಾಗಾಗಿ ಕಣಗಳ ಅಂಚು ಸವೆಯೋದೇ ಇಲ್ಲ. ಒಡೆದ ಗಾಜಿನ ಪುಡಿ ಇದ್ದ ಹಾಗೆ. ಸೂಟಿನ ಜಾಯಿಂಟುಗಳಿಗೆ ನುಗ್ಗುತ್ತೆ, ಹೆಲ್ಮೆಟ್ಟಿನ ಮುಖಗಾಜನ್ನು ಗೀರುತ್ತೆ. ಗಾಳಿಯ ತಡೆ ಇಲ್ಲದ್ದರಿಂದ ಚಕ್ರ ಎರಚಿದ ಧೂಳು ತೇಲೋದಿಲ್ಲ, ಕಲ್ಲು ಎಸೆದ ಹಾಗೆ ಕಮಾನು ಹಾಕಿ ಬಂದು ಗಾಡಿ, ಸವಾರ ಎರಡರ ಮೇಲೂ ಸುರಿಯುತ್ತೆ. ಜೊತೆಗೆ ಅದು ಕಪ್ಪು ಧೂಳು, ಬಿಸಿಲು ಹೀರುತ್ತೆ. ರೋವರ್‌ನ ಬ್ಯಾಟರಿಗಳಿಗೆ ಫ್ಯಾನ್ ಇಲ್ಲ, ರೇಡಿಯೇಟರ್ ನೀರಿಲ್ಲ. ಕನ್ನಡಿಯಂಥ ಹಲಗೆಯ ಮೂಲಕ ಶಾಖವನ್ನು ಬಾಹ್ಯಾಕಾಶಕ್ಕೆ ಬಿಡೋದೊಂದೇ ದಾರಿ. ಗಾಡಿ ನಿಲ್ಲಿಸಿದಾಗ ಅದರ ಮುಚ್ಚಳ ತೆಗೆದು ತಣಿಯಲು ಬಿಡಬೇಕು. ಆ ಕನ್ನಡಿ ಮೇಲೆ ಧೂಳು ಕೂತರೆ ಬ್ಯಾಟರಿ ಕಾಯ್ತಾ ಹೋಗುತ್ತೆ. ಬ್ಯಾಟರಿ ಹೋದರೆ ನಡೆದು ವಾಪಸ್ ಬರಬೇಕು. ಹಾಗಾಗಿ ಮಡ್‌ಗಾರ್ಡ್ ಅಲ್ಲಿ ಅಲಂಕಾರ ಅಲ್ಲ, ಕೂಲಿಂಗ್ ವ್ಯವಸ್ಥೆಯದೇ ಭಾಗ.

1972ರ ಏಪ್ರಿಲ್‌ನಲ್ಲಿ ಅಪೊಲೊ 16ರ ಜಾನ್ ಯಂಗ್ ಅವರ ಗಾಡಿಯ ಬಲ ಹಿಂಬದಿ ಮಡ್‌ಗಾರ್ಡಿನ ತುದಿ ಕಿತ್ತುಹೋಗಿ, ಅವರ ಮೇಲೂ ಚಾರ್ಲ್ಸ್ ಡ್ಯೂಕ್ ಮೇಲೂ ಧೂಳಿನ ಮಳೆ ಸುರಿದಿತ್ತು. ಎಂಟು ತಿಂಗಳು ಕಳೆದು ಡಿಸೆಂಬರ್ 11ಕ್ಕೆ ಅಪೊಲೊ 17 ಟಾರಸ್-ಲಿಟ್ರೋ ಕಣಿವೆಯಲ್ಲಿ ಇಳಿಯಿತು. ಜೀನ್ ಸರ್ನನ್ ಮತ್ತು ಹ್ಯಾರಿಸನ್ ಶ್ಮಿಟ್. ಶ್ಮಿಟ್ ಭೂವಿಜ್ಞಾನಿ, ಚಂದ್ರನ ಮೇಲೆ ಕಾಲಿಟ್ಟವರಲ್ಲಿ ಆ ವೃತ್ತಿಯವರು ಅವರೊಬ್ಬರೇ. ಕೊನೆಯ ಅಪೊಲೊ ಯಾತ್ರೆ ಬೇರೆ. ಇಲ್ಲಿ ನೋಡದೆ ಬಿಟ್ಟಿದ್ದನ್ನು ಮುಂದಿನ ಸಲ ನೋಡೋಣ ಅನ್ನೋ ಹಾಗಿರಲಿಲ್ಲ.

ಮೊದಲ ದಿನ ಸರ್ನನ್ ಗಾಡಿಯ ಪಕ್ಕ ಹಾದು ಹೋಗುವಾಗ ಕಾಲಿನ ಜೇಬಿನಲ್ಲಿದ್ದ ಸುತ್ತಿಗೆ ತಗುಲಿತು. ಪಟ್ ಅಂತ ಬಲ ಹಿಂಬದಿಯ ಮಡ್‌ಗಾರ್ಡ್ ತುದಿ ಮುರಿಯಿತು. ಗಮನಿಸಿ, ಅದೇ ಭಾಗ, ಅದೇ ಬದಿ! ಗಾಡಿಯನ್ನು ಮಡಚಿ ನೌಕೆಯ ಪಕ್ಕಕ್ಕೆ ಸಿಕ್ಕಿಸಿ ತರಬೇಕಿದ್ದರಿಂದ ಈ ತುದಿಯನ್ನು ಒಳಗೆ ಹೊರಗೆ ಜಾರುವಂತೆ ಮಾಡಿದ್ದರು. ಜಾಗ ಉಳಿಸಿದ್ದು ನಿಜ, ಗಟ್ಟಿತನದಲ್ಲಿ ಅದಕ್ಕೆ ಬೆಲೆ ತೆತ್ತರು ಅನ್ನೋದು ನನ್ನ ಅಭಿಪ್ರಾಯ.

ಸರ್ನನ್ ತಕ್ಷಣ ಡಕ್ಟ್ ಟೇಪ್ ಹಾಕಿ ಅಂಟಿಸಿದರು. ಉಬ್ಬಿದ ಗ್ಲೌಸಿನ ಕೈಯಲ್ಲಿ ಟೇಪಿನ ತುದಿ ಹುಡುಕೋದೇ ಸಾಹಸ. ಮೇಲಾಗಿ ಎಲ್ಲದರ ಮೇಲೂ ಧೂಳು. ಟೇಪು ಅಂಟಿದ್ದು ಮಡ್‌ಗಾರ್ಡಿಗಲ್ಲ, ಅದರ ಮೇಲಿನ ಧೂಳಿಗೆ. ಆ ದಿನದ ಓಡಾಟ ಮುಗಿಯುವ ಮೊದಲೇ ತುಂಡು ಕಳಚಿ ಬಿದ್ದುಹೋಯಿತು. ಇಬ್ಬರೂ ತಲೆಯಿಂದ ಕಾಲತನಕ ಧೂಳಾಗಿ ನೌಕೆಗೆ ಹತ್ತಿದರು. ಡಕ್ಟ್ ಟೇಪ್ ಚಂದ್ರನ ಗಾಡಿಯನ್ನು ಉಳಿಸಿತು ಅಂತ ವಾಟ್ಸಾಪಿನಲ್ಲಿ ಒಂದು ಕಥೆ ಓಡಾಡುತ್ತೆ. ಅರ್ಧ ಸತ್ಯ. ಮೊದಲ ಸುತ್ತಿನಲ್ಲಿ ಟೇಪು ಸೋತಿತ್ತು.

ಅವರಿಬ್ಬರೂ ಮಲಗಿದಾಗ ಹೂಸ್ಟನ್‌ನಲ್ಲಿ ಕೆಲಸ ಶುರುವಾಯಿತು. ಅಲ್ಲಿ ಜಾನ್ ಯಂಗ್ ಇದ್ದರು. ಮಡ್‌ಗಾರ್ಡ್ ಇಲ್ಲದೆ ಓಡಿಸಿದ ಅನುಭವಸ್ಥರು! ಪ್ರಶ್ನೆ ಸರಳ: ನೌಕೆಯಲ್ಲಿ ಏನೇನಿದೆ? ಹೊಸದೇನನ್ನೂ ಕಳಿಸೋ ಹಾಗಿಲ್ಲ. ಇರೋದರಲ್ಲಿ ಅಗಲವಾದದ್ದು, ಬಾಗುವಂಥದ್ದು, ಆದರೆ ಹರಿಯದಂಥದ್ದು ಬೇಕು. ಸಿಕ್ಕಿದ್ದು ಚಂದ್ರನ ನಕ್ಷೆಗಳು. ದಪ್ಪ ಹಾಳೆ, ಇನ್ನು ಬೇಡವಾದವು ನಾಲ್ಕು. ಅವನ್ನು ಟೇಪಿನಿಂದ ಜೋಡಿಸಿ ಒಂದು ಹಲಗೆ ಮಾಡೋದು. ಆದರೆ ಗಾಡಿಗೆ ಹಿಡಿಸೋದಕ್ಕೆ ಟೇಪನ್ನು ನಂಬೋ ಹಾಗಿಲ್ಲ, ನಿನ್ನೆ ನೋಡಿಯಾಗಿದೆ. ಅದಕ್ಕೆ ನೌಕೆಯೊಳಗಿನ ಆಪ್ಟಿಕಲ್ ಟೆಲಿಸ್ಕೋಪಿನ ದೀಪಕ್ಕೆ ಇದ್ದ ಎರಡು ಕ್ಲಾಂಪು. ಯಂಗ್ ತಾವೇ ಸ್ಪೇಸ್ ಸೂಟ್ ಹಾಕಿಕೊಂಡು, ಆ ದಪ್ಪ ಕೈಗಳಲ್ಲಿ ಇದು ಸಾಧ್ಯವಾ ಅಂತ ಮಾಡಿ ನೋಡಿದರು. ಆಮೇಲೆಯೇ ರೇಡಿಯೊದಲ್ಲಿ ಮೇಲಕ್ಕೆ ಹೇಳಿದ್ದು.

ಇದರಲ್ಲಿ ಜಾಣತನ ಎಲ್ಲಿದೆ ನೋಡಿ. ಟೇಪಿನ ಕೆಲಸ ಪೂರ್ತಿ ನೌಕೆಯ ಒಳಗೆ, ಗ್ಲೌಸ್ ಇಲ್ಲದ ಬರಿಗೈಯಲ್ಲಿ, ಶುದ್ಧ ಹಾಳೆಗಳ ಮೇಲೆ. ಧೂಳಿರುವ ಹೊರಗಡೆ ಬರೀ ಕ್ಲಾಂಪ್ ಬಿಗಿಯೋದು. ಅಂಟಿಗೆ ಧೂಳಾಗೋದಿಲ್ಲ, ಕ್ಲಾಂಪಿಗೆ ಪರವಾಗಿಲ್ಲ. ನಿನ್ನೆ ಏಕೆ ಕೆಟ್ಟಿತು ಅನ್ನೋದನ್ನು ಅರ್ಥ ಮಾಡಿಕೊಂಡ ಮೇಲೆ ಹುಟ್ಟಿದ ರಿಪೇರಿ ಅದು.

ಹೂಸ್ಟನ್ ಗಡಿಯಾರದಲ್ಲಿ ಡಿಸೆಂಬರ್ 12ರ ಸಂಜೆ ಇಬ್ಬರೂ ಹೊರಗೆ ಬಂದರು, ನಕ್ಷೆಯ ಮಡ್‌ಗಾರ್ಡನ್ನು ಹಿಡಿಸಿ ಹೊರಟರು. ಆ ದಿನ ಏಳೂವರೆ ಗಂಟೆಗೂ ಹೆಚ್ಚು ಹೊರಗಿದ್ದರು, ಸುಮಾರು 20 ಕಿಲೋಮೀಟರ್ ಓಡಿಸಿದರು. ನೌಕೆಯಿಂದ ಏಳೂವರೆ ಕಿಲೋಮೀಟರಿಗೂ ಆಚೆ, ದಕ್ಷಿಣದ ಬೆಟ್ಟದ ಬುಡದ ತನಕ ಹೋದರು. ಚಂದ್ರನ ಮೇಲೆ ಯಾರೂ ತಮ್ಮ ನೌಕೆಯಿಂದ ಅಷ್ಟು ದೂರ ಹೋಗಿರಲಿಲ್ಲ, ಆಮೇಲೆ ಹೋಗಿದ್ದೂ ಇಲ್ಲ. ಗಾಡಿ ಕೆಟ್ಟರೆ ಉಳಿದ ಆಮ್ಲಜನಕದಲ್ಲಿ ನಡೆದು ವಾಪಸ್ ಬರುವಷ್ಟೇ ದೂರ ಹೋಗಬಹುದು ಅನ್ನೋ ಲೆಕ್ಕ ಯಾವಾಗಲೂ ಕುತ್ತಿಗೆ ಮೇಲೆ. ಅದೇ ಲೆಕ್ಕದಿಂದಾಗಿ ಶಾರ್ಟಿ ಅನ್ನೋ ಕುಳಿಯ ಹತ್ತಿರ ಅರ್ಧ ಗಂಟೆಯ ಆಸುಪಾಸಷ್ಟೇ ಸಮಯ ಸಿಕ್ಕಿದ್ದು. ಅಲ್ಲೇ ಶ್ಮಿಟ್ ಕಾಲಡಿಯ ಬೂದು ಮಣ್ಣಿನಲ್ಲಿ ಕಿತ್ತಳೆ ಬಣ್ಣ ಕಂಡರು. 350 ಕೋಟಿ ವರ್ಷಕ್ಕೂ ಹಿಂದೆ ಚಂದ್ರನ ಒಳಗಿನಿಂದ ಚಿಮ್ಮಿದ ಲಾವಾರಸ ಸಣ್ಣ ಸಣ್ಣ ಗಾಜಿನ ಮಣಿಗಳಾಗಿ ಬಿದ್ದ ಮಣ್ಣು. ವಿಜ್ಞಾನಿಗಳು ಇವತ್ತಿಗೂ ಅದನ್ನು ಪರೀಕ್ಷಿಸ್ತಾ ಇದ್ದಾರೆ.

ನಮ್ಮ ಬೆಂಗಳೂರಿನಿಂದ ಓಡಿಸಿದ ಪ್ರಗ್ಯಾನ್‌ಗೆ ಇಂಥ ಭಾಗ್ಯ ಇರಲಿಲ್ಲ, ಕ್ಲಾಂಪ್ ಹಾಕೋದಕ್ಕೆ ಅಲ್ಲಿ ಕೈ ಇಲ್ಲವಲ್ಲ. 2023ರ ಆಗಸ್ಟ್ 27ರಂದು ಮೂರು ಮೀಟರ್ ಮುಂದೆ ನಾಲ್ಕು ಮೀಟರ್ ಅಗಲದ ಕುಳಿ ಕಂಡಾಗ, ಬಂದ ದಾರಿಯಲ್ಲೇ ಹಿಂದಿರುಗು ಅಂತ ಆಜ್ಞೆ ಕಳಿಸಿದರು. 26 ಕೆಜಿಯ ಗಾಡಿ ಅದು. ರಿಪೇರಿ ಸಾಧ್ಯವಿಲ್ಲದ ಕಡೆ ಕೆಡದ ಹಾಗೆ ಓಡಿಸೋದೇ ರಿಪೇರಿ.

ಸರ್ನನ್ ಅವರ ನಕ್ಷೆ ಮೂರನೇ ದಿನವೂ ತಡೆಯಿತು. ರೋವರ್ ಈಗಲೂ ಟಾರಸ್-ಲಿಟ್ರೋದಲ್ಲೇ ನಿಂತಿದೆ. ಮಡ್‌ಗಾರ್ಡನ್ನು ಮಾತ್ರ ಬಿಚ್ಚಿ ಭೂಮಿಗೆ ತಂದರು. ವಾಷಿಂಗ್ಟನ್‌ನ ಸ್ಮಿತ್ಸೋನಿಯನ್ ವಾಯು ಮತ್ತು ಬಾಹ್ಯಾಕಾಶ ಸಂಗ್ರಹಾಲಯದ ಸಂಗ್ರಹದಲ್ಲಿದೆ, ಬೂದು ಟೇಪಿನ ಸಮೇತ.